ತಾಮ್ರದಲ್ಲಿ ತಿರುಗಿದ ಹೆಸರು

"ಅದನ್ನ ಮುಟ್ಟಬೇಡ," ಎಂದಳು ಮುದುಕಿ. "ಮುಟ್ಟಿದರೂ ಬಿಚ್ಚಬೇಡ. ಬಿಚ್ಚಿದರೂ ಅದರ ಪಕ್ಕ ಯಾರ ಹೆಸರೂ ಬರೀಬೇಡ."

"ಬರೆದರೂ ಏನು ಮಾಡಬಾರದು, ಅದನ್ನೂ ಹೇಳಿಬಿಡು ಅಜ್ಜಿ. ಸಂಜೆಯವರೆಗೂ ಕೇಳ್ತೀನಿ," ಎಂದ ಲೀವನ್ ಕೊಪೆನ್ಸ್.

ಅವನು ಗೋರಿಯ ಬಾಗಿಲಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ ಬಗ್ಗಿ ನಿಂತಿದ್ದ. ಒಳಗಿನಿಂದ ಬಾವಲಿಯ ಹಿಕ್ಕೆ, ಹಸಿಮಣ್ಣು, ಯಾವುದೋ ಕಾಲದ ಹೊಗೆ ಮೂರೂ ಬೆರೆತ ನಾತ ಬರುತ್ತಿತ್ತು. ಹೊರಗೆ ರೋಮಿನ ಬಯಲು ಮೇ ತಿಂಗಳ ಬಿಸಿಲಿಗೆ ಬಿಳಿಚಿಕೊಂಡು ಬಿದ್ದಿತ್ತು. ಮುದುಕಿ ಮೆನಿಕುಚ್ಚಾಳ ಕುರಿಗಳು ಆ ಬಿಸಿಲಲ್ಲೇ ಒಂದರ ಹೊಟ್ಟೆಯಡಿ ಒಂದು ತಲೆ ತೂರಿಸಿ ನಿಂತಿದ್ದವು. ನಾಲ್ಕು ಹೆಜ್ಜೆ ಆಚೆ ಗೋರಿಯ ತಣ್ಣನೆಯ ನೆರಳಿತ್ತು. ಒಂದು ಕುರಿಯೂ ಅತ್ತ ಹೋಗಿರಲಿಲ್ಲ. ಲೀವನ್ ಅದನ್ನು ಗಮನಿಸಿದ. ಇಲ್ಲಿಯ ಕುರಿಗಳೂ ಇಲ್ಲಿಯ ಜನರಷ್ಟೇ ದಡ್ಡವು ಎಂದುಕೊಂಡ.

ಅವನು ಫ್ಲಾಂಡರ್ಸಿನ ಆಂಟ್ವರ್ಪಿನಿಂದ ಬಂದು ಐದು ತಿಂಗಳಾಗಿತ್ತು. ಐದು ತಿಂಗಳಲ್ಲಿ ಅವನಿಗೆ ಇಷ್ಟವಾದದ್ದು ಇಲ್ಲಿಯ ಬೆಳಕು ಒಂದೇ. ಉಳಿದದ್ದೆಲ್ಲ ಅವನಿಗೆ ಗಲೀಜು, ಸೋಮಾರಿತನ, ಮೂಢತನ. ಇವತ್ತು ಗೋರಿ ನೋಡಲು ಜೊತೆಗೆ ಬಂದಿದ್ದ ಬಾಲ್ಟಸಾರ್ ರೂಫ್ ಕೂಡ ಆ ಪಟ್ಟಿಯಲ್ಲಿದ್ದ. ಔಗ್ಸ್‌ಬುರ್ಗ್‌ನವನು, ಇಪ್ಪತ್ತು ವರ್ಷದಿಂದ ರೋಮಿನಲ್ಲೇ ಇದ್ದವನು, ತಾಮ್ರದ ತಗಡಿನ ಮೇಲೆ ಮರ, ಹೊಳೆ, ಪಾಳುಗುಡಿ ಕೊರೆದು, ಅದರಿಂದ ಕಾಗದಕ್ಕೆ ಅಚ್ಚು ಹಾಕಿಸಿ ಮಾರಿ ಬದುಕುವವನು. ಹೆಂಡದಂಗಡಿಯ ಗೆಳೆಯರು ಅವನಿಗೆ 'ಆಮೆ' ಎಂದು ಹೆಸರಿಟ್ಟಿದ್ದರು. ಒಂದು ತಗಡಿಗೆ ಅವನು ನಾಲ್ಕು ತಿಂಗಳು ತೆಗೆದುಕೊಳ್ಳುತ್ತಿದ್ದ.

"ತಮ್ಮಾ, ಅವಳು ಹೇಳಿದ್ದು ಕೇಳು," ಎಂದ ಬಾಲ್ಟಸಾರ್, ಹುಲ್ಲಿನ ಮೇಲೆ ಕೂತಲ್ಲಿಂದಲೇ. "ಚಿತ್ರ ಬರ್ಕೊ, ಗೋರಿ ಎಲ್ಲೂ ಹೋಗಲ್ಲ. ಆ ಸೀಸ ನಿನಗ್ಯಾಕೆ?"

"ನಿನಗೆ ಬೇಡದ್ದೆಲ್ಲ ನನಗೆ ಬೇಕು ಮಾರಾಯ."

ಗೋಡೆಯ ಬಿರುಕಿನಲ್ಲಿ ಸೀಸದ ತೆಳುಹಾಳೆಯೊಂದು ನಾಲ್ಕು ಮಡಿಕೆಯಾಗಿ ಸಿಕ್ಕಿಕೊಂಡಿತ್ತು. ನಡುವೆ ತುಕ್ಕುಹಿಡಿದ ಮೊಳೆ. ಲೀವನ್ ಕಿತ್ತ. ಮೊಳೆ ಕಲ್ಲಿನಿಂದ ಬಿಡುವಾಗ ಹಲ್ಲು ಕಡಿದಂಥ ಸದ್ದಾಯಿತು. ಅಂಗೈಗೆ ಬಿದ್ದ ಸೀಸ ಆ ಬಿಸಿಲಲ್ಲೂ ಬಾವಿಯ ಕಲ್ಲಿನಷ್ಟು ತಣ್ಣಗಿತ್ತು.

ಮೆನಿಕುಚ್ಚಾ ಎದೆಯ ಮೇಲೆ ಶಿಲುಬೆ ಗೀರಿಕೊಂಡಳು.

"ಕೇಳಿಲ್ಲಿ, ಸೋರ್ ಫ್ಲಾಂಡರ್ಸು, ಫ್ಲಾಂಡರ್ಸಿನ ಯಜಮಾನ. ಒಳಗಿರೋರು ನೆಲದ ಆ ಕಡೆಯಿಂದ ಓದ್ತಾರೆ. ಲೋಹದ ಮೇಲೆ ನೆಟ್ಟಗೆ ಬರೆದ ಹೆಸರು ಅವರಿಗೆ ತಿಳಿಯಲ್ಲ. ತಿರುಗಿಸಿ ಬರೆದದ್ದೇ ಅವರಿಗೆ ನೆಟ್ಟಗೆ ಕಾಣೋದು. ಯಾವ ಹೆಸರು ಕಾಣುತ್ತೋ ಅವನನ್ನ ಕರೀತಾರೆ."

"ಓದು ಬಂದ ದೆವ್ವ," ಎಂದ ಲೀವನ್. "ನಿನಗಿಂತ ವಾಸಿ."

ಮುದುಕಿಗೆ ಸಿಟ್ಟು ಬರಲಿಲ್ಲ. ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. ಕಾಯಿಲೆಯ ಕುರಿಯನ್ನು ಮಂದೆಯಿಂದ ಬೇರೆ ಮಾಡುವ ಮೊದಲು ನೋಡುತ್ತಾರಲ್ಲ, ಹಾಗೆ.

*

ಲೀವನ್‌ನ ಅವಸರಕ್ಕೆ ಕಾರಣವಿತ್ತು. ಕಾರ್ಡಿನಲ್ ಒಬ್ಬರು ತಮ್ಮ ಅರಮನೆಗೆ ಒಬ್ಬನೇ ಒಬ್ಬ ತಾಮ್ರ ಕೊರೆಯುವವನನ್ನು ಇಟ್ಟುಕೊಳ್ಳುವವರಿದ್ದರು. ಹನ್ನೆರಡು ನೋಟಗಳ ಕೆಲಸ. ಮೇಲಿನ ಅಂತಸ್ತಿನಲ್ಲಿ ಕೋಣೆ, ಊಟ, ಹೆಸರು. ಜೂನ್ ಕೊನೆಗೆ ಬರುವ ಸಂತ ಯೊವಾನ್ನಿಯ ಹಬ್ಬದೊಳಗೆ ಒಂದೊಂದು ತಗಡು ಮಾಡಿ ತೋರಿಸಿ ಎಂದು ಅವರ ಕಾರ್ಯದರ್ಶಿ ಇಬ್ಬರಿಗೆ ಹೇಳಿದ್ದ, ಲೀವನ್‌ಗೆ ಮತ್ತು ಬಾಲ್ಟಸಾರ್‌ಗೆ. ಕೆಲಸ ಸಿಗದಿದ್ದರೆ ಬಾಲ್ಟಸಾರ್ ಹೇಗೋ ಇಲ್ಲೇ ಬದುಕಿಕೊಳ್ಳುತ್ತಾನೆ. ಲೀವನ್ ಮಾತ್ರ ಆಂಟ್ವರ್ಪಿಗೆ ಹಿಂದಿರುಗಬೇಕು. ಅಲ್ಲಿ ಸೋದರಮಾವನ ಅಂಗಡಿಯಲ್ಲಿ ಕೂತು ಸಾಯುವವರೆಗೆ ಸಂತರ ಮುಖಗಳನ್ನು ಕೊರೆಯಬೇಕು. ಹೊರಡುವ ದಿನ ಮಾವನಿಗೆ ಅವನು ಆಡಿದ್ದ ಮಾತುಗಳು ಹಿಂದೆ ತೆಗೆದುಕೊಳ್ಳುವಂಥವಲ್ಲ.

ಮನೆಗೆ ಬಂದವನೇ ತಗಡಿಗೆ ಮೇಣ ಬಳಿದ. ತಲೆಕೆಳಗು ಹಿಡಿದು ಅಡಿಯಲ್ಲಿ ಬತ್ತಿ ಆಡಿಸಿ ಮೇಣವನ್ನು ಮಸಿಯಲ್ಲಿ ಕಪ್ಪಾಗಿಸಿದ. ಸೂಜಿ ಎಳೆದಲ್ಲೆಲ್ಲ ಕಪ್ಪಿನಡಿಯಿಂದ ತಾಮ್ರ ಕೆಂಪಗೆ ಕಣ್ಣು ಬಿಟ್ಟಿತು. ಕಾಗದದ ಮೇಲೆ ಎಡಕ್ಕೆ ಬರಬೇಕಾದ ಓಕ್ ಮರವನ್ನು ತಗಡಿನ ಬಲಕ್ಕೆ ಬಿಡಿಸಿದ. ಬಲಕ್ಕೆ ಬರಬೇಕಾದ ಗೋರಿಯನ್ನು ಎಡಕ್ಕೆ. ಇದಕ್ಕೆ ಅವನು ಯೋಚಿಸಬೇಕಿರಲಿಲ್ಲ. ಹದಿನಾಲ್ಕು ವರ್ಷ ಇದೇ ಕೆಲಸ. ಅಚ್ಚಿನಲ್ಲಿ ಎಲ್ಲವೂ ತಿರುಗುತ್ತದೆ, ಆದ್ದರಿಂದ ತಗಡಿನಲ್ಲಿ ಎಲ್ಲವನ್ನೂ ತಿರುಗಿಸಿಯೇ ಬಿಡಿಸಬೇಕು. ನೆಟ್ಟಗಿನ ಬರಹವನ್ನೂ ತಿರುವು ಬರಹವನ್ನೂ ಅವನು ಒಂದೇ ವೇಗದಲ್ಲಿ ಓದುತ್ತಿದ್ದ. ಎಷ್ಟೋ ಸಲ ಯಾವುದು ಯಾವುದೆಂದು ಗಮನಕ್ಕೂ ಬರುತ್ತಿರಲಿಲ್ಲ.

ಗೋರಿಯ ಕಲ್ಲಿನ ಮೇಲೆ ಹಳೆಯ ಶಾಸನವೊಂದು ಬೇಕೆನಿಸಿತು. ಕಾರ್ಡಿನಲರಿಗೆ ಹಳೆಯದೆಂದರೆ ಪ್ರಾಣ. ಲೀವನ್ ಸೀಸದಲ್ಲೇ ಉಳಿದಿದ್ದ ಮೊಳೆ ಕಿತ್ತು ಅದನ್ನು ಬಿಚ್ಚಿದ.

ಲ್ಯಾಟಿನ್. ಪಾದ್ರಿಗಳ ಶಾಲೆಯಲ್ಲಿ ಏಟು ತಿಂದು ಕಲಿತದ್ದು ಈಗ ಉಪಯೋಗಕ್ಕೆ ಬಂತು. ಅಕ್ಷರಗಳೆಲ್ಲ ಬಲದಿಂದ ಎಡಕ್ಕೆ ತಿರುಗಿಸಿ ಗೀರಿದವು. 'ಈ ಸೀಸ ತಣ್ಣಗಿರುವ ಹಾಗೆ ಇವನ ಬಲಗೈ ತಣ್ಣಗಾಗಲಿ. ಈ ಅಕ್ಷರ ತಿರುಗಿದ ಹಾಗೆ ಇವನ ಕಣ್ಣು ತಿರುಗಲಿ, ನಾಲಿಗೆ ತಿರುಗಲಿ. ಇವನು ನಮ್ಮ ಬಾಗಿಲಿಗೆ ಬರಲಿ.' ಅದರ ಕೆಳಗೆ ಹೆಸರಿರಬೇಕಾದ ಜಾಗ ನುಣ್ಣಗಿತ್ತು. ಯಾರೋ, ಯಾವ ಕಾಲದಲ್ಲೋ, ಆ ಒಂದು ಹೆಸರನ್ನು ಉಜ್ಜಿ ಉಜ್ಜಿ ತೆಗೆದುಹಾಕಿದ್ದರು.

"ಪುಣ್ಯಾತ್ಮ, ನನ್ನ ಕೆಲಸ ಮೊದಲೇ ಮಾಡಿಟ್ಟಿದ್ದಾನೆ," ಎಂದು ಲೀವನ್ ನಕ್ಕ. ಅಕ್ಷರಗಳು ಆಗಲೇ ತಿರುಗಿದ್ದವು. ಹಾಗೆಹಾಗೆಯೇ ತಗಡಿನ ಮೇಲೆ ಇಳಿಸಿದರೆ ಸಾಕು, ಕಾಗದದಲ್ಲಿ ನೆಟ್ಟಗೆ ಬರುತ್ತವೆ. ಇಳಿಸಿದ.

ಖಾಲಿ ಜಾಗ ಬಂದಾಗ ಒಂದು ಕುಚೋದ್ಯ ಹೊಳೆಯಿತು. ಅಲ್ಲಿ ಬಾಲ್ಟಸಾರ್ ರೂಫ್ ಎಂದು ಗೀರಿದ, ತಿರುಗಿಸದೆ, ಸೀದಾ. ಅಚ್ಚಿನಲ್ಲಿ ಅದು ಉಲ್ಟಾ ಬರುತ್ತದೆ, ಕಾರ್ಯದರ್ಶಿಗೆ ಹಳೆಯ ಗೀಚಿನಂತೆ ಕಾಣುತ್ತದೆ. ಕೆಲಸ ಸಿಕ್ಕ ದಿನ ಹೆಂಡದಂಗಡಿಯಲ್ಲಿ ಕನ್ನಡಿ ಹಿಡಿದು ತೋರಿಸಿದರೆ ಇಡೀ ಗುಂಪು ಬಿದ್ದು ಬಿದ್ದು ನಗುತ್ತದೆ. ಆಮೆಯನ್ನು ಗೋರಿಗೆ ಸೇರಿಸಿದ್ದೇನೆ ನೋಡಿ.

ಅದರಡಿ, ಗೋರಿಯ ಬುಡಗಲ್ಲಿನ ಮೇಲೆ, ತನ್ನ ಸಹಿ ಹಾಕಿದ. ದೊಡ್ಡ ಅಕ್ಷರಗಳು. ಲೀವನ್ ಕೊಪೆನ್ಸ್. ಕಸುಬು ಗೊತ್ತಿದ್ದವನು ಹಾಕುವ ಹಾಗೆ, ಬಲದಿಂದ ಎಡಕ್ಕೆ, ಪೂರ್ತಿ ತಿರುಗಿಸಿ.

ಮೇಣ ಬಳಿದ ಮರದ ತೊಟ್ಟಿಯಲ್ಲಿ ತಗಡನ್ನಿಟ್ಟು ಆಮ್ಲ ಸುರಿದ. ಆಮ್ಲ ತಾಮ್ರವನ್ನು ತಿನ್ನುವಾಗ ಗೆರೆಗಳಿಂದ ಸಣ್ಣ ಗುಳ್ಳೆ ಏಳುತ್ತವೆ. ಗರಿಯಿಂದ ಅವನ್ನು ಸವರುತ್ತಿರಬೇಕು. ಇವತ್ತು ಗುಳ್ಳೆಗಳು ಎಲ್ಲಕ್ಕಿಂತ ಮೊದಲು ಅವನ ಸಹಿಯಿಂದ ಎದ್ದವು. ಮರದ ಎಲೆಗಳು ಇನ್ನೂ ಸುಮ್ಮನಿದ್ದಾಗಲೇ ಹೆಸರು ಕುದಿಯುತ್ತಿತ್ತು. ಆಮ್ಲ ಚೆಲ್ಲಿ ನೀರು ಹೊಯ್ದ ಮೇಲೂ ಆ ಎರಡು ಪದಗಳ ಮೇಲೆ ಗುಳ್ಳೆ ಏಳುತ್ತಲೇ ಇದ್ದವು. ಕೋಣೆಯಲ್ಲಿ ಗಂಟಲು ಸುಡುವ ಘಾಟು ಇರಬೇಕಿತ್ತು. ಇದ್ದದ್ದು ಬಾವಲಿಯ ಹಿಕ್ಕೆಯ, ಹಸಿಮಣ್ಣಿನ ನಾತ.

"ಕಳಪೆ ಆಮ್ಲ," ಎಂದುಕೊಂಡ. "ರೋಮಿನದ್ದು."

*

ಓರ್ಸೊಲಾ ಅಚ್ಚು ಹಾಕುವವಳು. ಗಂಡ ಸತ್ತ ಮೇಲೆ ಅವನ ಯಂತ್ರವನ್ನು ಅವಳೇ ತಿರುಗಿಸುತ್ತಿದ್ದಳು, ಎರಡು ಗಂಡಸರ ಕೆಲಸ ಮಾಡುವ ತೋಳು. ಅಂಗಡಿಯಲ್ಲಿ ಕುದಿಸಿದ ಅಗಸೆ ಎಣ್ಣೆಯ, ಒದ್ದೆ ಕಾಗದದ ವಾಸನೆ. ಬಾಗಿಲಿನ ಎದುರು ಗೋಡೆಗೆ ಒಂದು ದೊಡ್ಡ ಕನ್ನಡಿ. ತಗಡು ತಂದವರು ಅದರ ಮುಂದೆ ಹಿಡಿದು, ಅಚ್ಚಿನಲ್ಲಿ ಹೇಗೆ ಬರುತ್ತದೆಂದು ಮೊದಲೇ ನೋಡಿಕೊಳ್ಳುತ್ತಿದ್ದರು.

ಮಾರನೆಯ ಬೆಳಿಗ್ಗೆ ಅವಳು ಮೊದಲ ಪ್ರತಿಯನ್ನು ತಗಡಿನಿಂದ ಬಿಡಿಸಿದಾಗ ಇಬ್ಬರೂ ಅದರ ಮೇಲೆ ಬಗ್ಗಿದರು. ಎಡಕ್ಕೆ ಓಕ್ ಮರ, ಅದರ ಹಿಂದೆ ಕರಗುತ್ತ ಹೋಗುವ ಬಯಲು, ದೂರದಲ್ಲಿ ಗೆರೆ ಎಲ್ಲಿ ಮುಗಿದು ಬೆಳಕು ಎಲ್ಲಿ ಶುರುವಾಯಿತೆಂದು ಗೊತ್ತಾಗದ ಬೆಟ್ಟ. ಬಲಕ್ಕೆ ಗೋರಿ. ಅದರ ಮೇಲೆ ನೆಟ್ಟಗೆ ಬಂದ ಲ್ಯಾಟಿನ್ ಸಾಲುಗಳು, ಉಲ್ಟಾ ಬಂದ ಒಂದು ಗೀಚು, ಅದರ ಕೆಳಗೆ ಅವನ ಸಹಿ. ಸಹಿ ಮಾತ್ರ ಉಳಿದೆಲ್ಲಕ್ಕಿಂತ ಕಪ್ಪಗೆ, ಕಾಗದ ಹರಿಯುವಷ್ಟು ಆಳವಾಗಿ ಒತ್ತಿಕೊಂಡಿತ್ತು.

"ಇಂಥದ್ದು ಈ ಯಂತ್ರದಲ್ಲಿ ಬಂದೇ ಇಲ್ಲ," ಎಂದಳು ಓರ್ಸೊಲಾ. ಆಮೇಲೆ, "ದಾರಿಯಲ್ಲಿ ಇರೋದು ಯಾರು ಸೋರ್ ಲೀವನ್?"

ಬಯಲಿನ ದಾರಿಯಲ್ಲಿ, ಬಹಳ ದೂರದಲ್ಲಿ, ಅಕ್ಕಿಕಾಳಿನಷ್ಟು ದೊಡ್ಡ ಒಂದು ಮನುಷ್ಯಾಕೃತಿ. ಅವನು ಅದನ್ನು ಬಿಡಿಸಿರಲಿಲ್ಲ.

"ಮೇಣ ಬಿಟ್ಟು ಆಮ್ಲ ಒಳಗೆ ಹೋಗಿದೆ. ಕಲೆ ಅದು."

"ಕಲೆಗೆ ಟೊಪ್ಪಿ ಇದೆ."

"ನಿಮಗೆ ಕನ್ನಡಕ ಇಲ್ಲ," ಎಂದು ಲೀವನ್ ಎದ್ದ. ಹೊರಗೆ ಹೋಗಿ ಹುರುಳಿಕಾಯಿ, ಕುರಿಯ ಗಿಣ್ಣು ತಿಂದು, ವೈನು ಕುಡಿದು, ಕೋಣೆಗೆ ಬಂದು ಮಲಗಿದ. ಮಧ್ಯಾಹ್ನದ ಆ ಹೊತ್ತಿನಲ್ಲಿ ಊರಿಗೆ ಊರೇ ಮಲಗಿರುತ್ತದೆ.

ಎದ್ದಾಗ ಎಡಗೈ ತಣ್ಣಗಾಗಿತ್ತು. ಮೈಯಡಿ ಸಿಕ್ಕಿ ಜೋಮು ಹಿಡಿದಿರಬೇಕೆಂದು ಉಜ್ಜಿಕೊಂಡ. ಬಾಗಿಲಿಗೆ ಹೋಗಲು ತಿರುಗಿದವನು ಗೋಡೆಗೆ ಹಾಯ್ದ. ಬಾಡಿಗೆ ಮನೆಯ ಒಡತಿ ಮಂಚ ಸರಿಸಿದ್ದಾಳೆಂದು ಬೈದ. ಬೀದಿಗಿಳಿದ. ದಿನಾ ಬಲಕ್ಕೆ ಸಿಗುವ ಕಾರಂಜಿ ಎಡಕ್ಕಿತ್ತು. ತಾನು ಹಿಂಬಾಗಿಲಿನಿಂದ ಬಂದೆನೇನೋ ಅಂದುಕೊಂಡ. ಕಮ್ಮಾರನ ಫಲಕ, ಕ್ಷೌರಿಕನ ಫಲಕ ಎಲ್ಲ ಉಲ್ಟಾ ಅಕ್ಷರದಲ್ಲಿದ್ದವು. ಅವನ ಕಣ್ಣು ಎಂದಿನ ಅಭ್ಯಾಸದಲ್ಲಿ ಅವನ್ನು ಓದಿಕೊಂಡು ಹೋಯಿತು. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕಿರುಚಿ ಕೂತುಬಿಡುತ್ತಿದ್ದ. ತಾಮ್ರ ಕೊರೆಯುವವನಿಗೆ ಗೊತ್ತೇ ಆಗಲಿಲ್ಲ. ಎರಡು ಸಲ ದಾರಿ ತಪ್ಪಿ, ಎರಡು ಸಲವೂ ರೋಮಿನವರನ್ನೇ ಬೈದು ಓರ್ಸೊಲಾಳ ಅಂಗಡಿ ತಲುಪಿದ.

ಒಳಗೆ ಬಾಲ್ಟಸಾರ್ ಇದ್ದ. ಗಿಣ್ಣು ಮಾರಲು ಬಂದಿದ್ದ ಮೆನಿಕುಚ್ಚಾ ಬುಟ್ಟಿ ಕೆಳಗಿಟ್ಟು ಹೊಸ್ತಿಲ ಪಕ್ಕ ನಿಂತಿದ್ದಳು. ಮೂವರೂ ಹಸಿ ಆರದ ಎರಡನೇ ಪ್ರತಿಯನ್ನು ನೋಡುತ್ತಿದ್ದರು.

"ಬಾ ತಮ್ಮಾ," ಎಂದ ಬಾಲ್ಟಸಾರ್. ದನಿ ಎಂದಿನಂತಿರಲಿಲ್ಲ. "ನನ್ನ ಹೆಸರು ಬರೆದದ್ದು ಓದಿದೆ. ಆ ಜಗಳ ಆಮೇಲೆ ಆಡೋಣ. ಮೊದಲು ಇದನ್ನ ನೋಡು."

ಅಕ್ಕಿಕಾಳು ಈಗ ಕಿರುಬೆರಳಿನ ಉಗುರಿನಷ್ಟಾಗಿತ್ತು. ದಾರಿಯಲ್ಲಿರಲಿಲ್ಲ, ಗೋರಿಯ ಮೆಟ್ಟಿಲಿನ ಮೇಲಿತ್ತು. ಅಂಚು ಮುರಿದ ಟೊಪ್ಪಿ. ಒಂದು ಕೈ ಜೋತುಬಿದ್ದಿತ್ತು. ಲೀವನ್ ಅಭ್ಯಾಸದಂತೆ ತಲೆಗೆ ಕೈ ಹಾಕಿದ. ಅವನ ಟೊಪ್ಪಿಯ ಅಂಚು ಹೋದ ಚಳಿಗಾಲದಲ್ಲೇ ಮುರಿದಿತ್ತು.

ಆದರೆ ಅವನ ಕಣ್ಣು ಹೆಚ್ಚು ಹೊತ್ತು ಅಲ್ಲಿ ನಿಲ್ಲಲಿಲ್ಲ. ಚಿತ್ರವನ್ನು ಇಡಿಯಾಗಿ ನೋಡಿದ. ಓಕ್ ಮರ ಬಲಕ್ಕಿತ್ತು. ಗೋರಿ ಎಡಕ್ಕೆ. ಅವನ ಸಹಿ ಉಲ್ಟಾ.

ಈ ಕಸುಬಿನಲ್ಲಿ ಅದಕ್ಕೆ ಒಂದೇ ಅರ್ಥ. ಬೇರೆಯವರ ಅಚ್ಚನ್ನು ಕದಿಯುವವನು ಕಾಗದವನ್ನು ನೋಡಿಕೊಂಡು ಸೀದಾ ತಾಮ್ರದ ಮೇಲೆ ಇಳಿಸುತ್ತಾನೆ. ತಿರುಗಿಸುವ ಶ್ರಮ ಅವನಿಗೆ ಬೇಡ. ಆದ್ದರಿಂದ ಕಳ್ಳ ಅಚ್ಚು ಯಾವಾಗಲೂ ಮೂಲದ ಉಲ್ಟಾ ಇರುತ್ತದೆ. ಎಡ ಬಲವಾದರೆ ಕಳ್ಳತನ ಎಂದೇ ಲೆಕ್ಕ.

"ಓಹೋ," ಎಂದ ಲೀವನ್. "ನಾನು ಮಲಗಿ ಏಳೋದ್ರೊಳಗೆ ಹೊಸ ತಗಡು ಕೊರೆದುಬಿಟ್ಟಿರಾ. ಆಮೆಗೆ ಇಷ್ಟು ವೇಗ ಯಾವಾಗ ಬಂತು?"

"ಯಾವ ಹೊಸ ತಗಡು?"

"ಇದು ನನ್ನ ತಗಡಲ್ಲ. ನನ್ನ ಮರ ಎಡಕ್ಕಿತ್ತು."

"ಎಡಕ್ಕೇ ಇದೆಯಲ್ಲ ಸೋರ್ ಲೀವನ್," ಎಂದಳು ಓರ್ಸೊಲಾ.

"ನಿಮಗೆ ಎಡ ಯಾವುದು ಬಲ ಯಾವುದು ಅಂತ ಯಾವತ್ತು ಗೊತ್ತಿತ್ತು?" ಎಂದು ಅವನು ತಣ್ಣಗಾದ ಕೈಯನ್ನು ಮತ್ತೆ ಉಜ್ಜಿಕೊಂಡ. "ಈ ದರಿದ್ರ ಎಡಗೈ ಬೇರೆ."

ಓರ್ಸೊಲಾ ಅವನ ಕೈಯನ್ನೇ ನೋಡಿದಳು. "ನೀವು ಉಜ್ಜಿಕೊಳ್ತಾ ಇರೋದು ಬಲಗೈ."

ಎಣ್ಣೆಯ ವಾಸನೆಯಡಿಯಿಂದ ಇನ್ನೊಂದು ವಾಸನೆ ನಿಧಾನಕ್ಕೆ ಎದ್ದು ಬರುತ್ತಿತ್ತು. ಮೆನಿಕುಚ್ಚಾ ಮೂಗಿಗೆ ತಲೆವಸ್ತ್ರದ ತುದಿ ಒತ್ತಿಕೊಂಡಳು.

"ಕೈ ಆಯ್ತು, ಕಣ್ಣು ಆಯ್ತು," ಎಂದಳು ಅವಳು. "ಹೆಸರು ಉಜ್ಜಿಹಾಕು. ಅಷ್ಟೇ ಮಾಡಬೇಕಾದ್ದು. ಹಿಂದೆ ಒಬ್ಬ ಹಾಗೇ ಉಳ್ಕೊಂಡ. ತಗಡಿನಿಂದ ನಿನ್ನ ಹೆಸರು ತೆಗಿ, ಮನೆಗೆ ಹೋಗು."

"ಮಾಡು ಲೀವನ್," ಎಂದ ಬಾಲ್ಟಸಾರ್. "ಚಿತ್ರ ನಿನ್ನದು ಅಂತ ಕಾರ್ಯದರ್ಶಿಗೆ ನಾನೇ ಹೇಳ್ತೀನಿ. ಆಣೆ ಬೇಕಾದರೂ ಇಡ್ತೀನಿ."

ಲೀವನ್‌ಗೆ ಎಲ್ಲವೂ ಅರ್ಥವಾಯಿತು. ಎಷ್ಟು ಸರಳ. ಕದ್ದು ಕೊರೆದ ತಗಡು, ಅದರಿಂದ ಸಹಿ ಅಳಿಸಲು ಒಪ್ಪಿಗೆ, ಹೆದರಿಸಲು ಒಬ್ಬ ಮುದುಕಿ. ಹೆಸರಿಲ್ಲದ ತಗಡು ಯಾರ ಕೈಲಿದ್ದರೆ ಅವರದ್ದು. ಇಪ್ಪತ್ತು ವರ್ಷ ಹೂಕೋಸಿನಂಥ ಮರ ಬಿಡಿಸಿದವನಿಗೆ ಕೊನೆಗೆ ಈ ಉಪಾಯ ಹೊಳೆದಿದೆ.

"ತಗಡು ಕೊಡಿ," ಎಂದ.

ಓರ್ಸೊಲಾ ಕೊಟ್ಟಳು. ಅವನು ಅದನ್ನು ಮೇಜಿನ ಮೇಲಿಟ್ಟ. ಅವನ ಕಣ್ಣಿಗೆ ತಾಮ್ರದ ಮೇಲೆ ತನ್ನ ಹೆಸರು ನೆಟ್ಟಗಿತ್ತು, ಬಾಲ್ಟಸಾರನ ಹೆಸರು ತಿರುಗಿತ್ತು.

"ತಿರುಗಿದ ಹೆಸರನ್ನ ತಾನೆ ನಿನ್ನ ದೆವ್ವ ಓದೋದು?" ಎಂದು ಮುದುಕಿಯನ್ನು ಕೇಳಿದ. "ಹಾಗಾದರೆ ಉಜ್ಜಿಕೊಳ್ಳಬೇಕಾದವನು ಅವನು, ನಾನಲ್ಲ. ನಾನು ಹೇಗೆ ಉಜ್ಜುತ್ತೀನಿ ನೋಡು."

ಅವನು ಉಳಿಸೂಜಿ ತೆಗೆದುಕೊಂಡ. ತನ್ನ ಸಹಿಯ ಒಂದೊಂದು ಗೆರೆಯಲ್ಲೂ ಅದನ್ನಿಟ್ಟು ಒತ್ತಿ ತಳ್ಳಿದ. ಇದ್ದ ಅಕ್ಷರವನ್ನೇ ಇನ್ನಷ್ಟು ಆಳ ಮಾಡಿದ, ಯಾವ ಉಜ್ಜುಗೋಲಿಗೂ ಸಿಗದಷ್ಟು ಆಳ. ತಾಮ್ರದ ಸುರುಳಿಗಳು ಮೇಜಿನ ಮೇಲೆ ಉದುರಿದವು. ಬಾಲ್ಟಸಾರ್ ತಡೆಯಲು ಬಂದವನು ಅವನ ಕೈ ನೋಡಿ ನಿಂತುಬಿಟ್ಟ. ಹದಿನಾಲ್ಕು ವರ್ಷ ಬಲಗೈಯಲ್ಲಿ ಕೊರೆದವನು ಈಗ ಎಡಗೈಯಲ್ಲಿ ಕೊರೆಯುತ್ತಿದ್ದ. ಬಲಗೈ ತೊಡೆಯ ಪಕ್ಕ ಸತ್ತ ಹಕ್ಕಿಯಂತೆ ಜೋತಿತ್ತು.

"ಈಗ ಹಾಕಿ ಅಚ್ಚು," ಎಂದ ಲೀವನ್.

ಓರ್ಸೊಲಾ ಹಾಕಿದಳು. ಯಂತ್ರ ನರಳಿತು. ಮೂರನೇ ಪ್ರತಿ ಬಂತು. ಅವಳು ಅದನ್ನು ನೋಡಿ ಮೇಜಿನ ಮೇಲೆ ಮಗುಚಿಟ್ಟಳು.

ಲೀವನ್ ಕಿತ್ತುಕೊಂಡ. ಆ ಮನುಷ್ಯ ಈಗ ಗೋರಿಯ ಬಾಗಿಲಲ್ಲಿದ್ದ, ಅರ್ಧ ಒಳಗೆ, ಅರ್ಧ ಹೊರಗೆ.

"ಮೂಲ ಹೇಗಿತ್ತು ಅಂತ ತೋರಿಸ್ತೀನಿ, ಕಳ್ಳರಾ," ಎಂದು ಅವನು ಹಸಿ ಕಾಗದವನ್ನು ಕನ್ನಡಿಗೆ ಹಿಡಿದ. "ಇದನ್ನ ತಿರುಗಿಸಿದರೆ ನನ್ನದು. ನೋಡಿ."

ಅವನೂ ನೋಡಿದ. ಕನ್ನಡಿಯಲ್ಲಿ ಮರ ಎಡಕ್ಕಿತ್ತು. ಗೋರಿ ಬಲಕ್ಕಿತ್ತು. ಸಹಿ ನೆಟ್ಟಗಿತ್ತು. ಸರಿ. ಅವನು ನಗಲು ಬಾಯಿ ತೆರೆದ. ಆಗ ಕಾಗದದ ಅಂಚಿನಾಚೆ ಕಣ್ಣು ಹೋಯಿತು.

ಕನ್ನಡಿಯಲ್ಲಿ ಯಂತ್ರ ಇರಬೇಕಾದ ಕಡೆ ಇತ್ತು. ಕಿಟಕಿ ಇರಬೇಕಾದ ಕಡೆ ಇತ್ತು. ಕಿಟಕಿಯಾಚೆ ಕ್ಷೌರಿಕನ ಫಲಕದ ಅಕ್ಷರಗಳು ನೆಟ್ಟಗಿದ್ದವು. ಓರ್ಸೊಲಾಳ ಬಲಗೆನ್ನೆಯ ಮಚ್ಚೆ ಬಲಗೆನ್ನೆಯಲ್ಲೇ ಇತ್ತು. ಇಡೀ ರೋಮ್ ಕನ್ನಡಿಯೊಳಗೆ ನೆಟ್ಟಗಿತ್ತು.

ಕನ್ನಡಿಯ ಹೊರಗೆ ತಿರುಗಿತ್ತು.

ಅವನು ಹಿಂದೆ ತಿರುಗಿದ. ಮಚ್ಚೆ ಎಡಕ್ಕೆ. ಕನ್ನಡಿ ನೋಡಿದ. ಬಲಕ್ಕೆ. ತಗಡಿನ ಕಡೆ ಕೈ ಚಾಚಿದ. ಯಾವ ಕೈ? ಕೈ ಏಳಲಿಲ್ಲ. ಸೀಸದ ಭಾರ. ಮೊಣಕೈ ದಾಟಿ ಹೆಗಲಿಗೆ ಏರಿತ್ತು ತಣ್ಣಗೆ. 'ಅಳಿಸು' ಎನ್ನಬೇಕು. ಬೇಗ ಎನ್ನಬೇಕು. ನಾಲಿಗೆ ಹೊರಳಿತು.

"ಸುಳಿಅ," ಎಂದ.

"ಏನು?" ಎಂದ ಬಾಲ್ಟಸಾರ್.

"ಸುಳಿಅ. ಸುಳಿಅ."

ಬೆಳಕು ಇಂಗಿತು. ಬಣ್ಣ ಹೋಯಿತು. ಉಳಿದದ್ದು ಗೆರೆ. ಕಪ್ಪು ಗೆರೆಯ ಹುಲ್ಲು. ಕಪ್ಪು ಗೆರೆಯ ದಾರಿ. ಕಾಲಡಿ ಕಲ್ಲಿನ ಮೆಟ್ಟಿಲು. ಗಾಳಿಯಿಲ್ಲ. ಎದುರಿಗೆ ಬಾಗಿಲು. ಗೆರೆ ಮೇಲೆ ಗೆರೆ ಎಳೆದು ತಾನೇ ಮಾಡಿದ ಕತ್ತಲೆ. ತಾನೇ ಮೆಚ್ಚಿಕೊಂಡ ಕತ್ತಲೆ. ಒಳಗೆ ಹಲ್ಲು ಕಡಿದ ಸದ್ದು. ಯಾರೋ ಓದುತ್ತಿದ್ದರು. ನಿಧಾನಕ್ಕೆ, ಕೂಡಿಸಿ ಕೂಡಿಸಿ, ಹೊಸದಾಗಿ ಓದು ಕಲಿತವರ ಹಾಗೆ. ಲೀ. ವನ್. ಅವನು ಚೌಕಟ್ಟು ಹಿಡಿದ. ಒಂದೇ ಕೈ ಹಿಡಿಯಿತು. ಕೊ. ಒಂದು ಕಾಲು ಒಳಗೆ ಹೋಯಿತು. ಪೆ. ನಾತ. ತಣ್ಣನೆ. ಹೊರಗೆ ಎಲ್ಲೋ ಕಿರ್ರ್, ಕಿರ್ರ್, ಲೋಹಕ್ಕೆ ಲೋಹ ಉಜ್ಜುವ ಸದ್ದು. ಆಮೆಯ ಸದ್ದು. ಬೇಗ, ಆಮೆ, ಬೇಗ.

*

ಹೆಸರು ಹೋಗಲು ಪೂರ್ತಿ ಎರಡು ತಾಸು ಹಿಡಿಯಿತು. ಸುಮ್ಮನೆ ಬಿಟ್ಟಿದ್ದರೆ ಕಾಲು ತಾಸಿನ ಕೆಲಸ. ಅವನೇ ಆಳ ಮಾಡಿದ್ದ. ಬಾಲ್ಟಸಾರ್ ಮೊದಲು ಹೆರೆದ, ಆಮೇಲೆ ಹಿಂಬದಿಯಿಂದ ಸುತ್ತಿಗೆಯಲ್ಲಿ ಬಡಿದು ತಗ್ಗನ್ನು ಮೇಲಕ್ಕೆ ತಂದ, ಆಮೇಲೆ ಬೆವರು ತಗಡಿಗೆ ತೊಟ್ಟಿಕ್ಕುವವರೆಗೆ ಉಜ್ಜಿದ. ನೆಲದ ಮೇಲೆ ಬಿದ್ದಿದ್ದ ಲೀವನ್‌ನ ಎದೆಯ ಮೇಲೆ ಓರ್ಸೊಲಾ ಕಿವಿಯಿಟ್ಟು ಕೂತಿದ್ದಳು. ಕೊನೆಯ ಅಕ್ಷರ ನುಣ್ಣಗಾದಾಗ ಅವನು ಉಸಿರೆಳೆದುಕೊಂಡ. ಮೆನಿಕುಚ್ಚಾ ಬುಟ್ಟಿ ಎತ್ತಿಕೊಂಡಳು.

"ತಡ ಆಯ್ತು," ಎಂದಳು. "ಹೋದದ್ದು ವಾಪಸು ಬರಲ್ಲ. ಉಳಿದದ್ದು ಉಳೀತು."

ಉಳಿದದ್ದು ಬಹಳವೇನಲ್ಲ. ಬಲಗೈ ಹೋಗಿತ್ತು. ಕಣ್ಣು ತಿರುಗಿದ್ದು ತಿರುಗಿದಂತೆಯೇ ಇತ್ತು. ವೈದ್ಯ ಬಂದು ಪಾರ್ಶ್ವವಾಯು ಎಂದ, ರಕ್ತ ತೆಗೆದ, ಹೋದ. ಓರ್ಸೊಲಾ ಅವನನ್ನು ಅಂಗಡಿಯ ಮೂಲೆಯಲ್ಲಿ ಕೂರಿಸಿ ಮಸಿ ಅರೆಯುವ ಕಲ್ಲು ಕೊಟ್ಟಳು. ಅದಕ್ಕೆ ಒಂದು ಕೈ ಸಾಕು, ಎಡ ಬಲ ಬೇಕಿಲ್ಲ. ಅವನು ಏನಾದರೂ ಹೇಳಲು ಹೋದರೆ ಗಿರಾಕಿಗಳು ನಗುತ್ತಿದ್ದರು.

ಹಬ್ಬಕ್ಕೆ ಎರಡು ದಿನ ಇದ್ದಾಗ ಕಾರ್ಯದರ್ಶಿ ಅಂಗಡಿಗೆ ಬಂದ. ಬಾಲ್ಟಸಾರನ ತಗಡು ಇನ್ನೂ ಅರ್ಧದಲ್ಲೇ ಇತ್ತು. ಅದನ್ನೇ ಹೇಳಿ ಕ್ಷಮೆ ಕೇಳಲು ಅವನು ಬಂದು ನಿಂತಿದ್ದ. ಕಾರ್ಯದರ್ಶಿಯ ಕಣ್ಣು ಲೀವನ್ ಹೆಸರು ಉಜ್ಜಿದ ಮೇಲೆ ತೆಗೆದು ಹಗ್ಗಕ್ಕೆ ನೇತುಹಾಕಿದ್ದ ಒಂದು ಪ್ರತಿಯ ಮೇಲೆ ಬಿತ್ತು. ಹತ್ತಿರ ಹೋದ. ಕೈಗವಸು ಕಳಚಿದ.

"ಯಾರದ್ದು ಇದು?"

ಕಾರ್ಯದರ್ಶಿ ಬುಡಗಲ್ಲನ್ನು ನೋಡಿದ. ಅಲ್ಲಿ ಏನೂ ಇರಲಿಲ್ಲ, ನುಣ್ಣನೆಯ ಬಿಳುಪು. ಅದರ ಮೇಲಿನ ಗೀಚನ್ನು ನೋಡಿದ. ಹುಬ್ಬುಗಂಟಿಕ್ಕಿದ. ಪ್ರತಿಯನ್ನು ಬಿಚ್ಚಿ ಕನ್ನಡಿಯ ಮುಂದೆ ಹಿಡಿದು ಒಂದೊಂದೇ ಅಕ್ಷರ ಓದಿದ. ಆಮೇಲೆ ಜೋರಾಗಿ ನಕ್ಕುಬಿಟ್ಟ.

"ಬಾಲ್ಟಸಾರ್ ರೂಫ್. ಇಪ್ಪತ್ತು ವರ್ಷ ಈ ಕೆಲಸ ಮಾಡಿದೋರು ಹೆಸರು ತಿರುಗಿಸೋದನ್ನ ಮರೆತಿರಾ ಸ್ವಾಮಿ? ಕಲಿಯೋ ಹುಡುಗರು ಮಾಡೋ ತಪ್ಪು ಇದು."

ಮೂಲೆಯಲ್ಲಿ ಮಸಿಯ ಕಲ್ಲು ನಿಂತಿತು.

ಬಾಲ್ಟಸಾರ್ ಬಾಯಿ ತೆರೆದ. ಮೂಲೆಯ ಕಡೆ ನೋಡಿದ. ಮತ್ತೆ ಹಗ್ಗದ ಕಡೆ ನೋಡಿದ. ತನ್ನ ಹೆಸರನ್ನು ಅಲ್ಲಿ ಯಾಕೆ ಬರೆದದ್ದೆಂದು ಅವನಿಗೆ ಗೊತ್ತಿತ್ತು.

"ಮರೆತೆ ಸ್ವಾಮಿ," ಎಂದ.

"ಇರಲಿ, ಇರಲಿ. ಇಂಥ ಬಯಲನ್ನ ನಾನು ನೋಡಿಲ್ಲ. ಅದಕ್ಕಿಂತ ಈ ಬಾಗಿಲಲ್ಲಿ ನಿಂತ ಮನುಷ್ಯ. ಎಷ್ಟು ಜೀವ ಇದೆ ಅವನಲ್ಲಿ. ಸೋಮವಾರ ಅರಮನೆಗೆ ಬನ್ನಿ. ಅಷ್ಟರಲ್ಲಿ ಆ ಹೆಸರನ್ನ ತಗಡಿನ ಮೇಲೆ ತಿರುಗಿಸಿ ಸರಿ ಮಾಡಿ."

"ಹಾಗೇ ಇರಲಿ ಬಿಡಿ," ಎಂದ ಬಾಲ್ಟಸಾರ್, ಸ್ವಲ್ಪ ಬೇಗನೆ. "ತಿರುಗಿಸಿದರೆ ನನಗೆ ಆಗಿಬರಲ್ಲ."

ಅದನ್ನು ವಿನಯವೆಂದುಕೊಂಡು ಕಾರ್ಯದರ್ಶಿ ಅವನ ಬೆನ್ನು ತಟ್ಟಿದ.

ಲೀವನ್ ಎದ್ದು ನಿಂತಿದ್ದ. ಮುಖಕ್ಕೆಲ್ಲ ಮಸಿ. ಒಂದು ಕೈ ಜೋತಿತ್ತು, ಇನ್ನೊಂದು ಹಗ್ಗದ ಕಡೆಗೆಂದು ಚಾಚಿ ಗೋಡೆಯನ್ನು ತೋರಿಸುತ್ತಿತ್ತು. ಕತ್ತಿನ ನರ ಉಬ್ಬಿಸಿ ಅವನು ತನ್ನಲ್ಲಿ ಉಳಿದ ಶಕ್ತಿಯನ್ನೆಲ್ಲ ಒಂದೇ ಮಾತಿಗೆ ಹಾಕಿದ.

"ದುನ್ನನ," ಎಂದ. "ದುನ್ನನ. ದುನ್ನನ."

"ಏನಂತೆ ಇವನದು?" ಎಂದು ಕೇಳಿದ ಕಾರ್ಯದರ್ಶಿ, ಕೈಗವಸು ತೊಡುತ್ತ.

ಓರ್ಸೊಲಾ ತಲೆಯೆತ್ತದೆ ಯಂತ್ರಕ್ಕೆ ಒದ್ದೆ ಕಾಗದ ಇಟ್ಟಳು.

"ಗೊತ್ತಿಲ್ಲ ಸ್ವಾಮಿ," ಎಂದಳು. "ಫ್ಲಾಂಡರ್ಸಿನ ಭಾಷೆ ಇರಬೇಕು."